ಹಿಂದಿನ ಸೀಟಿನಡಿಯ ಪೆಟ್ರೋಲ್ ವಾಸನೆ

ಹಾಸನದಲ್ಲಿ ಫುಲ್ ಟ್ಯಾಂಕ್ ಹಾಕಿಸಿಕೊಂಡು ಸಕಲೇಶಪುರದ ಕಡೆ ಹೊರಟಿದ್ದೆವು. ಅರ್ಧ ಗಂಟೆ ಕಳೆದಿರಬೇಕು, ಹಿಂದೆ ಕೂತಿದ್ದ ಅಮ್ಮ, "ಪೆಟ್ರೋಲ್ ವಾಸ್ನೆ ಹೊಡೀತಿದೆ ಕಣೋ, ತಲೆ ಸುತ್ತಿದ ಹಾಗಾಗ್ತಿದೆ" ಅಂದಳು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಬಂಕಿನಲ್ಲಿ ಕೈಗೆ ತಾಗಿದ್ದಿರಬೇಕು ಅಂದುಕೊಂಡು ಗಾಜು ಇಳಿಸಿದೆ. ಟೀ ಕುಡಿಯಲು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಂದು ಬಾಗಿಲು ತೆಗೆದಾಗ ವಾಸನೆ ನನ್ನ ಮೂಗಿಗೂ ರಪ್ಪನೆ ಬಡಿಯಿತು.

ಅಷ್ಟು ಹೊತ್ತು ಅದೇ ಕಾರಿನೊಳಗೆ ಕೂತಿದ್ದವನಿಗೆ ಅದು ಗೊತ್ತಾಗದೆ ಹೋದದ್ದೇಕೆ? ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗಿನ ನರಕೋಶಗಳು ಸ್ವಲ್ಪ ಹೊತ್ತಿನಲ್ಲೇ ಮಿದುಳಿಗೆ ಸುದ್ದಿ ಕಳಿಸುವುದನ್ನು ಕಡಿಮೆ ಮಾಡಿಬಿಡುತ್ತವೆ. ಹೊರಗಿನ ಗಾಳಿಯಲ್ಲಿ ನಿಂತ ಮೇಲೆ ಅವು ಮತ್ತೆ ಚುರುಕಾಗುತ್ತವೆ. ಹಾಗಾಗಿ ಕಾರಿನ ವಾಸನೆಯ ವಿಷಯದಲ್ಲಿ ಓಡಿಸುವವನ ಮಾತಿಗಿಂತ ಆಗಷ್ಟೇ ಬಾಗಿಲು ತೆಗೆದವರ ಮಾತನ್ನು ನಂಬಬೇಕು.

ದಣಿಯದ ಮೂಗು ನಿಜಕ್ಕೂ ಸೂಕ್ಷ್ಮ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಪೆಟ್ರೋಲ್ ಆವಿ ಇದ್ದರೂ ಸಾಮಾನ್ಯವಾಗಿ ಪತ್ತೆಹಚ್ಚುತ್ತದೆ. ಬೆಂಕಿ ಹತ್ತಲು ಆವಿ ಸುಮಾರು ಶೇಕಡಾ 1.4, ಅಂದರೆ ಹತ್ತು ಲಕ್ಷಕ್ಕೆ 14,000 ಪಾಲಿನಷ್ಟು ಬೇಕು. ವಾಸನೆ ಬಂದ ತಕ್ಷಣ ಕಾರು ಹೊತ್ತಿಕೊಳ್ಳುತ್ತದೆಂದು ಗಾಬರಿಯಾಗಬೇಕಿಲ್ಲ, ನಿಜ. ಆದರೆ ನಮಗೆ ತಿಳಿಯುವುದು ಮೂಗಿನ ಬಳಿಯ ಗಾಳಿ ಮಾತ್ರ. ಪೆಟ್ರೋಲ್ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ. ಸೀಟಿನಡಿ, ಬೇಸ್‌ಮೆಂಟಿನ ಮೂಲೆ, ಗ್ಯಾರೇಜಿನ ಗುಂಡಿ ಹೀಗೆ ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತದೆ. ಅಲ್ಲಿ ಅದು ಎಷ್ಟು ದಟ್ಟವಾಗಿದೆಯೋ ನಮಗೆ ತಿಳಿಯದು. ಜೊತೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 1ರವರೆಗೆ ಬೆಂಜೀನ್ ಇರಬಹುದು. ಅದು ಕ್ಯಾನ್ಸರ್ ತರುವ ವಸ್ತುವೆಂದು ಸಾಬೀತಾಗಿದೆ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಕಾರಿನಲ್ಲಿ ಈ ವಾಸನೆಗೆ ಒಗ್ಗಿಕೊಳ್ಳುವುದು ತಪ್ಪು.

ಮರುದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: "ಸಾರ್, ವಾಸ್ನೆ ಯಾವಾಗ ಬರುತ್ತೆ?" ಎಲ್ಲಿ ಎಂದು ಕೇಳಲಿಲ್ಲ. ಕಾರಿನಲ್ಲಿ ಗಾಳಿ ಸುತ್ತಾಡುವುದರಿಂದ ವಾಸನೆ ಎಲ್ಲಿ ಬರುತ್ತದೆ ಎಂಬುದು ದಾರಿ ತಪ್ಪಿಸುತ್ತದೆ. ಯಾವಾಗ ಎಂಬುದು ತಪ್ಪಿಸುವುದಿಲ್ಲ. ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು ಐದು ನಿಮಿಷಕ್ಕೆ ಮಾಯವಾದರೆ ಹೋಸ್ ಪೈಪಿನ ಜಾಯಿಂಟು ಅಥವಾ ಇಂಜೆಕ್ಟರಿನ ಓ-ರಿಂಗ್ ಮೇಲೆ ಅನುಮಾನ. ಚಳಿಗೆ ಬಿರುಸಾದ ರಬ್ಬರು ಬಿಸಿಯಾದ ಮೇಲೆ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಹೊರಗಿನ ಗಾಳಿ ಒಳಗೆ ಬಿಟ್ಟಾಗ ಮಾತ್ರ ಬಂದರೆ ಮೂಲ ಬಾನೆಟ್ಟಿನಡಿಯೇ ಇರಬೇಕು, ಏಕೆಂದರೆ ಆ ಗಾಳಿಯ ಬಾಯಿ ಇರುವುದು ಮುಂದಿನ ಗಾಜಿನ ಬುಡದಲ್ಲಿ. ಅಲ್ಲಿ ನೆಲದ ಮೇಲೆ ಹನಿ ಕಾಣದಿದ್ದರೂ ಸೋರಿಕೆಯಿಲ್ಲ ಎನ್ನುವಂತಿಲ್ಲ. ಬಿಸಿ ಎಂಜಿನ್ ಮೇಲೆ ಬಿದ್ದ ಪೆಟ್ರೋಲ್ ಕೆಳಗಿಳಿಯುವ ಮೊದಲೇ ಆವಿಯಾಗಿರುತ್ತದೆ.

ನಮ್ಮದು ಫುಲ್ ಟ್ಯಾಂಕ್ ಇದ್ದಾಗ ಮಾತ್ರ ಬರುತ್ತಿತ್ತು. ಮುಳ್ಳು ಮುಕ್ಕಾಲಿಗಿಂತ ಕೆಳಗಿಳಿದರೆ ಇಲ್ಲ. ಇಷ್ಟು ಕೇಳಿದ್ದೇ ಅವನು ಬಾನೆಟ್ ಮುಟ್ಟದೆ ಹಿಂದಿನ ಸೀಟನ್ನೇ ಎತ್ತಿದ. ಅಡಿಯಲ್ಲಿ ಸ್ಕ್ರೂ ಹಾಕಿದ ಒಂದು ಮುಚ್ಚಳ. ಅದನ್ನು ತೆಗೆದರೆ ಟ್ಯಾಂಕಿನೊಳಗೆ ಇಳಿಬಿಟ್ಟ ಪೆಟ್ರೋಲ್ ಪಂಪಿನ ತಲೆ. ಸುತ್ತಲೂ ಒಣಗಿದ ಬೂದುಬಣ್ಣದ ಧೂಳು. ಒಂದು ಕಡೆ ಮಾತ್ರ ಬಿದಿಗೆ ಚಂದ್ರನ ಆಕಾರದಲ್ಲಿ ಧೂಳು ಕಪ್ಪಾಗಿ, ಒದ್ದೆಯಾಗಿ ಅಂಟಿಕೊಂಡಿತ್ತು. ಅಮ್ಮ ಕೂತಿದ್ದ ಜಾಗದ ಸರಿಯಾಗಿ ಕೆಳಗೆ.

ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ ಪೆಟ್ರೋಲ್ ಉಳಿಸಿ, ಬ್ಯಾಟರಿಯ ತಂತಿ ಕಳಚಿ, ಬಯಲಿನಲ್ಲಿ ನಿಲ್ಲಿಸಿಕೊಂಡು ಅವನು ಪಂಪಿನ ಕೆಳಗಿನ ರಬ್ಬರ್ ರಿಂಗ್ ಹೊರತೆಗೆದ. ಹೊಸ ರಿಂಗಿನ ಮೈ ಕೋಡುಬಳೆಯಂತೆ ದುಂಡಗಿತ್ತು. ಹಳೆಯದು ಒತ್ತಡಕ್ಕೆ ಚಪ್ಪಟೆಯಾಗಿ ಹಾಗೆಯೇ ಉಳಿದುಬಿಟ್ಟಿತ್ತು. ಉಗುರು ಊರಿದರೆ ಇಳಿಯುತ್ತಿರಲಿಲ್ಲ, ಬಗ್ಗಿಸಿದರೆ ಸಣ್ಣ ಸೀಳುಗಳು ಬಾಯಿಬಿಡುತ್ತಿದ್ದವು. ರಬ್ಬರನ್ನು ಮೆತ್ತಗಿಡುವ ಅಂಶವನ್ನು ಪೆಟ್ರೋಲ್ ವರ್ಷಗಟ್ಟಲೆ ಹೀರಿದ್ದರ ಫಲ ಅದು. ಎಥನಾಲ್ ಬೆರೆತಾಗ ಕೆಲವು ಹಳೆಯ ಬಗೆಯ ರಬ್ಬರು ಇನ್ನೂ ಬೇಗ ಕೆಡುತ್ತದೆ. ಶೇಕಡಾ 20 ಎಥನಾಲ್ ಇರುವ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಹಳೆಯ ಕಾರಿನವರು ಹೋಸು, ವಾಶರು ಬದಲಿಸುವಾಗ ಇ20ಕ್ಕೆ ತಾಳುವಂಥದ್ದನ್ನೇ ಕೇಳಿ ಹಾಕಿಸಿಕೊಳ್ಳಬೇಕು.

ರಿಂಗ್ ಚೆನ್ನಾಗಿದ್ದಿದ್ದರೆ ಮುಂದಿನ ಅನುಮಾನ ಇದ್ದಿಲ ಡಬ್ಬಿಯ ಮೇಲೆ. ಟ್ಯಾಂಕು ಉಸಿರಾಡುತ್ತದೆ. 40 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿಯೇರಿದರೆ ಅರ್ಧ ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಮೇಲಿನ ಆವಿಗೆ ಎಲ್ಲಾದರೂ ದಾರಿ ಬೇಕು. ಹಿಂದೆ ಅದನ್ನು ಹೊರಗೇ ಬಿಡುತ್ತಿದ್ದರು. ಹೊಗೆಮಂಜಿನಿಂದ ಕಂಗೆಟ್ಟಿದ್ದ ಅಮೆರಿಕದ ಕ್ಯಾಲಿಫೋರ್ನಿಯಾ 1970ರ ಮಾದರಿಯ ಕಾರುಗಳಿಂದ ಅದಕ್ಕೆ ತಡೆ ಹಾಕಿತು. ಈಗ ಆವಿ ಹೋಗಿ ಸೇರುವುದು ಸಂಸ್ಕರಿಸಿದ ಇದ್ದಿಲು ತುಂಬಿದ ಕಪ್ಪು ಡಬ್ಬಿಗೆ. ಅಂಥ ಒಂದು ಗ್ರಾಂ ಇದ್ದಿಲಿನ ರಂಧ್ರಗಳ ಒಳಮೈಯನ್ನೆಲ್ಲ ಹರಡಿದರೆ ಸುಮಾರು 1,000 ಚದರ ಮೀಟರ್, ಅಂದರೆ ಒಂಬತ್ತು ಮೂವತ್ತು-ನಲವತ್ತು ಸೈಟಿನಷ್ಟು ಜಾಗ. ಆವಿ ಅಲ್ಲಿ ಅಂಟಿಕೊಂಡಿದ್ದು, ಎಂಜಿನ್ ಓಡುವಾಗ ಒಂದು ವಾಲ್ವ್ ತೆರೆದು ಎಂಜಿನ್ನಿಗೇ ಹೋಗಿ ಉರಿಯುತ್ತದೆ. ಡಬ್ಬಿಯೋ ಪೈಪೋ ಎಲ್ಲಿ ಬಿರುಕು ಬಿಟ್ಟಿದೆ ಎಂದು ಕಾಣದಿದ್ದರೆ, ಒಳ್ಳೆಯ ಗ್ಯಾರೇಜಿನವರು ಕಡಿಮೆ ಒತ್ತಡದಲ್ಲಿ ಒಳಗೆ ಹೊಗೆ ಊದಿ, ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡುತ್ತಾರೆ.

ಈ ಇದ್ದಿಲು ಹಿಡಿದಿಡುವುದು ಆವಿಯನ್ನು. ದ್ರವ ಪೆಟ್ರೋಲ್ ನುಗ್ಗಿದರೆ ನೆನೆದು ಕೆಲಸಕ್ಕೆ ಬಾರದಂತಾಗುತ್ತದೆ. ಅದು ನುಗ್ಗುವ ಸಾಮಾನ್ಯ ದಾರಿ ನಮ್ಮ "ರೌಂಡ್ ಫಿಗರ್ ಮಾಡಿ" ಎನ್ನುವ ಅಭ್ಯಾಸವೇ. ಪಂಪಿನ ಗನ್ನು ಟಕ್ಕೆಂದು ತಾನಾಗಿ ನಿಂತಿತೆಂದರೆ ಟ್ಯಾಂಕು ತುಂಬಿದೆ, ಉಳಿದ ಜಾಗ ಹಿಗ್ಗುವ ಪೆಟ್ರೋಲಿಗೂ ಆವಿಗೂ ಮೀಸಲು ಎಂದರ್ಥ.

ಪೆಟ್ರೋಲ್ ಒದ್ದೆ ಕಣ್ಣಿಗೆ ಕಂಡರೆ ಸ್ಟಾರ್ಟ್ ಮಾಡಬೇಡಿ, ತಳ್ಳಿ ಬಯಲಿಗೆ ತನ್ನಿ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ. ಇನ್ನು ಮುಂದೆ ಬಂಕಿನಲ್ಲಿ ಆ ಟಕ್ ಸದ್ದು ಕೇಳಿಸಿದ ಕೂಡಲೇ ಹುಡುಗನಿಗೆ "ಸಾಕಪ್ಪಾ" ಅಂದುಬಿಡಿ.