ಚಪಾತಿಯಿಂದ ಕಿರುಮೆದುಳಿಗೆ

ಬೆಂಗಳೂರಿನ ಪೀಣ್ಯದ ಕಾರ್ಖಾನೆ ಕ್ಯಾಂಟೀನುಗಳಲ್ಲಿ, ವೈಟ್‌ಫೀಲ್ಡಿನ ಪಿ.ಜಿ.ಗಳಲ್ಲಿ ಚಪಾತಿ ಈಗ ಮಾಮೂಲು. ಮುದ್ದೆ, ಅನ್ನ ಉಂಡು ಬೆಳೆದವರ ಮಕ್ಕಳು ಬೆಳಿಗ್ಗೆ ಬ್ರೆಡ್ಡು, ಸಂಜೆ ಪಫ್ಸು, ರಾತ್ರಿ ಚಪಾತಿ ಎಂದು ಮೂರು ಹೊತ್ತೂ ಗೋಧಿಯನ್ನೇ ತಿನ್ನುತ್ತಿದ್ದಾರೆ. ಬಹುಪಾಲು ಜನರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಕೆಲವರ ದೇಹ ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನ ಮೇಲೆ ಯುದ್ಧ ಹೂಡುತ್ತದೆ. ಅದೇ ಸೀಲಿಯಾಕ್ ಕಾಯಿಲೆ.

ಭೇದಿ, ಉಬ್ಬಿದ ಹೊಟ್ಟೆ, ಸೊರಗಿದ ಮಗು: ಬಹುಕಾಲ ಇದನ್ನು ಹೊಟ್ಟೆಯ ರೋಗವೆಂದೇ ನೋಡಲಾಗಿತ್ತು. ಇಂಗ್ಲೆಂಡಿನ ಶೆಫೀಲ್ಡಿನ ನರತಜ್ಞ ಮಾರಿಯೋಸ್ ಹಾಜಿವಾಸಿಲಿಯು ಬೇರೆ ಕಡೆಯಿಂದ ಹುಡುಕಿದರು. ಎಷ್ಟು ತಪಾಸಣೆ ಮಾಡಿದರೂ ಕಾರಣ ಸಿಗದ 53 ನರರೋಗಿಗಳ ರಕ್ತದಲ್ಲಿ ಗ್ಲುಟೆನ್ ವಿರುದ್ಧದ ಪ್ರತಿಕಾಯಗಳಿವೆಯೇ ಎಂದು ನೋಡಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು: ಅವರಲ್ಲಿ ಶೇ. 57 ಮಂದಿಗೆ ಪ್ರತಿಕಾಯವಿತ್ತು. ಕಾರಣ ಗೊತ್ತಿದ್ದ ನರರೋಗಿಗಳಲ್ಲಿ ಶೇ. 5, ಆರೋಗ್ಯವಂತ ರಕ್ತದಾನಿಗಳಲ್ಲಿ ಶೇ. 12. ಪ್ರತಿಕಾಯ ಇದ್ದ ಮಾತ್ರಕ್ಕೆ ರೋಗ ಎನ್ನಲಾಗದು, ನಿಜ. ಆದರೂ ಈ ಅಂತರವನ್ನು ತಳ್ಳಿಹಾಕುವಂತಿರಲಿಲ್ಲ. ಮುಂದೆ ಇದರಿಂದಲೇ 'ಗ್ಲುಟೆನ್ ಅಟಾಕ್ಸಿಯಾ' ಎಂಬ ರೋಗದ ಚಿತ್ರ ಸ್ಪಷ್ಟವಾಯಿತು. ಕಾಲು ಅಗಲಿಸಿ ನಡೆಯಬೇಕಾಗುತ್ತದೆ, ಮೆಟ್ಟಿಲಿಳಿಯಲು ಕಂಬಿ ಬೇಕು, ಅಂಗಿಯ ಗುಂಡಿ ಹಾಕುವಾಗ ಬೆರಳುಗಳು ತಡವರಿಸುತ್ತವೆ, ಮಾತು ತೊದಲುತ್ತದೆ. ಇವರಲ್ಲಿ ಬಹುತೇಕರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ!

ಕರುಳಿಗೂ ಮೆದುಳಿಗೂ ಎಲ್ಲಿಯ ನಂಟು? ಗ್ಲುಟೆನ್‌ನಲ್ಲಿ ಪ್ರೋಲಿನ್, ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ಹೇರಳ. ಪ್ರೋಲಿನ್ ಇರುವ ಕಡೆ ಜೀರ್ಣರಸಗಳ ಆಟ ನಡೆಯದು. ಉದ್ದನೆಯ ತುಣುಕುಗಳು ಸಣ್ಣಕರುಳಿನ ಒಳಪದರದೊಳಕ್ಕೆ ನುಸುಳುತ್ತವೆ. ಅಲ್ಲಿರುವ ಟ್ರಾನ್ಸ್‌ಗ್ಲುಟಮಿನೇಸ್-2 ಎಂಬ ಕಿಣ್ವದ ಕಸುಬು ಪ್ರೋಟೀನುಗಳನ್ನು ಬೆಸೆಯುವುದು. ಅದು ಗ್ಲುಟೆನ್ ತುಣುಕನ್ನೂ ಹಿಡಿದು ಗ್ಲುಟಮಿನ್ ಅನ್ನು ಗ್ಲುಟಮೇಟ್ ಆಗಿಸುತ್ತದೆ, ತುಣುಕಿಗೆ ಋಣ ಆವೇಶ ಬರುತ್ತದೆ. ಡಿಕ್ಯು2 ಅಥವಾ ಡಿಕ್ಯು8 ಎಂಬ ಗುರುತನ್ನು ಹುಟ್ಟಿನಿಂದಲೇ ಪಡೆದವರ ರಕ್ಷಣಾ ಕೋಶಗಳಿಗೆ ಈ ತುಣುಕು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಟಿ ಕೋಶಗಳು ಕೆರಳುತ್ತವೆ, ಕರುಳಿನ ಒಳಗೋಡೆಯ ವಿಲ್ಲೈ ಎಂಬ ಸಣ್ಣ ಬೆರಳುಗಳು ಸವೆಯುತ್ತವೆ. ಕಿಣ್ವದ ವಿರುದ್ಧವೂ ಪ್ರತಿಕಾಯ ಹುಟ್ಟುತ್ತದೆ. ಅದೇ ಕುಟುಂಬದ ಟ್ರಾನ್ಸ್‌ಗ್ಲುಟಮಿನೇಸ್-6 ನರಮಂಡಲದಲ್ಲಿದೆ. ಅದರ ವಿರುದ್ಧದ ಪ್ರತಿಕಾಯಗಳನ್ನು ಅಟಾಕ್ಸಿಯಾ ರೋಗಿಗಳಲ್ಲಿ ಶೆಫೀಲ್ಡಿನ ತಂಡ 2008ರಲ್ಲಿ ವರದಿ ಮಾಡಿತು. ಹಾನಿ ತಟ್ಟುವುದು ಕಿರುಮೆದುಳಿನ ಪರ್ಕಿಂಜೆ ಕೋಶಗಳಿಗೆ, ಅಂದರೆ ನಡಿಗೆಯ ಹದ ಕಾಯುವ ಕೋಶಗಳಿಗೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ದಕ್ಷಿಣದ ನಮ್ಮಲ್ಲಿ ಸೀಲಿಯಾಕ್ ವಿರಳ. 2016ರಲ್ಲಿ ಪ್ರಕಟವಾದ, ವೈದ್ಯ ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯ ಇದ್ದವರ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10. ಆದರೆ ಡಿಕ್ಯು2, ಡಿಕ್ಯು8 ಎಂಬ ಆ ವಂಶವಾಹಿ ಗುರುತು ಎರಡೂ ಕಡೆ ಹೆಚ್ಚುಕಮ್ಮಿ ಸಮವಾಗಿತ್ತು. ದೊಡ್ಡ ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ದಕ್ಷಿಣದಲ್ಲಿ 25 ಗ್ರಾಂ. ಬಿಹಾರ, ಉತ್ತರ ಪ್ರದೇಶದಿಂದ ಬಂದ ಕಾರ್ಮಿಕರೂ ಚಪಾತಿಗೆ ಒಗ್ಗಿದ ಕನ್ನಡದ ಹುಡುಗರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಪೀಣ್ಯ, ವೈಟ್‌ಫೀಲ್ಡಿನಂಥ ಪ್ರದೇಶಗಳ ವೈದ್ಯರು ಈ ಲೆಕ್ಕವನ್ನು ನೆನಪಿಡಬೇಕು ಎಂಬುದು ನನ್ನ ಒತ್ತಾಯ.

ನಡಿಗೆ ತಪ್ಪಲು ಬಿ12 ಕೊರತೆ, ಮದ್ಯ, ಆನುವಂಶಿಕ ಕಾಯಿಲೆ ಹೀಗೆ ಕಾರಣ ಹಲವು. ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್ ಇರುವ ಊರು ನಮ್ಮದು. ಆದರೂ ತಲೆಸುತ್ತು, ಸುಸ್ತು, ಗ್ಯಾಸ್ಟ್ರಿಕ್ ಎಂದು ಮೆಡಿಕಲ್ ಸ್ಟೋರಿನ ಮಾತ್ರೆಯಲ್ಲೇ ತಿಂಗಳುಗಳು ಕಳೆದುಹೋಗುತ್ತವೆ. ಅನುಮಾನವಿದ್ದರೆ ರಕ್ತಪರೀಕ್ಷೆ ಮೊದಲು, ಪಥ್ಯ ಆಮೇಲೆ. ಗೋಧಿ ಬಿಟ್ಟ ಮೇಲೆ ಪ್ರತಿಕಾಯಗಳು ಇಳಿದು ಪರೀಕ್ಷೆ ದಾರಿ ತಪ್ಪಿಸುತ್ತದೆ. ಕರುಳಿನ ಪ್ರತಿಕಾಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಅಟಾಕ್ಸಿಯಾ ಇರಬಹುದು, ಹಾಗಾಗಿ ನರತಜ್ಞರ ಕಣ್ಣು ಬೇಕೇ ಬೇಕು.

ರೋಗ ಖಚಿತವಾದವರಿಗೆ ಗ್ಲುಟೆನ್ ಪೂರ್ತಿ ಬಿಡುವುದೇ ಚಿಕಿತ್ಸೆ. ಚಪಾತಿಯೊಂದನ್ನು ಬಿಟ್ಟರೆ ಸಾಲದು. ಉಪ್ಪಿಟ್ಟಿನ ರವೆ, ಗೋಧಿ ಶಾವಿಗೆ, ಮೈದಾ, ಖಪ್ಲಿ ಗೋಧಿ, ಬಾರ್ಲಿ ಮಾಲ್ಟಿನ ಪೇಯದ ಪುಡಿ, ಎಲ್ಲವೂ ಹೋಗಬೇಕು. ಅಂಗಡಿಯ ಇಂಗಿನ ಪುಡಿಯಲ್ಲೂ ಹೆಚ್ಚಾಗಿ ಗೋಧಿಹಿಟ್ಟು ಬೆರೆತಿರುತ್ತದೆ, ಡಬ್ಬಿಯ ಹಿಂದೆ ಓದಿ ನೋಡಿ. ರಾಗಿ, ಜೋಳ, ಅಕ್ಕಿ, ನವಣೆಗಳಲ್ಲಿ ಆ ಭಯವಿಲ್ಲ. ಆದರೆ ಬೀದಿಯ ಫ್ಲೋರ್ ಮಿಲ್‌ನಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ಕಲ್ಲಿನ ಸಂದಿಯಲ್ಲಿದ್ದ ಗೋಧಿಹಿಟ್ಟು ರಾಗಿಹಿಟ್ಟಿನೊಡನೆ ಬರುತ್ತದೆ. ಗ್ಲುಟೆನ್‌ರಹಿತ ಎಂಬ ಚೀಟಿಗೆ ನಮ್ಮ ಕಾನೂನು ಬಿಡುವುದು ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಮಾತ್ರ. ಒಂದು ಚಿಟಿಕೆ ಗೋಧಿಹಿಟ್ಟು ಆ ಮಿತಿ ಮೀರಿಸಲು ಸಾಕು. ಇಂಥವರು ರಾಗಿಯನ್ನು ಮನೆಯಲ್ಲೇ ಬೀಸಿಕೊಳ್ಳಬೇಕು, ಇಲ್ಲವೇ ಗೋಧಿ ಮುಟ್ಟದ ಗಿರಣಿ ಹುಡುಕಬೇಕು.