ಗಡಿ ದಾಟಿದವರ ಪಗಾರ

ಕಾಗವಾಡದಲ್ಲಿ ಬಸ್ಸು ಹತ್ತಿ ಮಿರಜ್ ಕಡೆ ಹೊರಟರೆ ರಾಜ್ಯ ಬದಲಾದದ್ದು ಗೊತ್ತೇ ಆಗುವುದಿಲ್ಲ. ಅದೇ ಕಬ್ಬು, ಅದೇ ಕಪ್ಪು ಮಣ್ಣು, ಬಸ್ಸಿನೊಳಗೆ ಅದೇ ಅರ್ಧ ಕನ್ನಡ, ಅರ್ಧ ಮರಾಠಿ. ಅಥಣಿ, ರಾಯಬಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಿರಜ್. ನಿಪ್ಪಾಣಿಯವರಿಗೆ ಸಂತೆ, ಸಂಬಂಧ ಎರಡೂ ಕಾಗಲ್, ಕೊಲ್ಹಾಪುರದ ಕಡೆ. ಹೆಣ್ಣು ಕೊಡುವುದು, ತರುವುದು ಗಡಿ ನೋಡಿ ನಡೆಯುವ ವ್ಯವಹಾರ ಅಲ್ಲ. ತಲಪಾಡಿಯ ಆಚೆಗೂ ಈಚೆಗೂ ನೆಂಟರಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದು ವಸ್ತು ಮಾತ್ರ ಆ ಬಸ್ಸು ಹತ್ತುವುದಿಲ್ಲ. ಅದು ಅಂಗವಿಕಲರ ಮಾಸಾಶನ. ಆ ಕಡೆಯ ಜನ ಅದನ್ನು 'ಪಗಾರ' ಅನ್ನುತ್ತಾರೆ. ಸರಿಯಾದ ಮಾತೇ. ದುಡಿಯಲಾಗದ ಮನುಷ್ಯನಿಗೆ ತಿಂಗಳಿಗೊಮ್ಮೆ ಕೈಗೆ ಬರುವುದು ಅದೊಂದೇ.

ಚಿಕ್ಕೋಡಿ ತಾಲೂಕಿನ ಒಬ್ಬ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಕಾಲಿನ ಊನ, ಶೇ. 60. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ತಲಾಠಿ ಮನೆಗೆ ಬಂದು ನೋಡಿ, ಕರ್ನಾಟಕದ ಮಾಸಾಶನ ಸಿಕ್ಕಿತು. ಶೇ. 40ರಿಂದ 75ರೊಳಗಿನವರಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿನ ಊನಕ್ಕೆ 1,400. ಮುಂದೆ ಆಕೆಗೆ ಇಚಲಕರಂಜಿಯಲ್ಲಿ ಮದುವೆಯಾಗುತ್ತದೆ. ಆಧಾರ್ ವಿಳಾಸ ಬದಲಾಯಿತು, ರೇಷನ್ ಕಾರ್ಡಿನಿಂದ ಹೆಸರು ತೆಗೆದರು. ಇಲ್ಲಿಯ ನಿವಾಸಿ ಅಲ್ಲವೆಂದ ಮೇಲೆ ಇಲ್ಲಿಯ ಪಗಾರ ನಿಂತಿತು. ಹೋಗಲಿ, ಅಲ್ಲಿಯದು ಸಿಗುತ್ತದೆಯೇ? ಮಹಾರಾಷ್ಟ್ರದಲ್ಲಿ ಸಂಜಯ್ ಗಾಂಧಿ ನಿರಾಧಾರ ಅನುದಾನ ಯೋಜನೆ ಇದೆ. ಮೊತ್ತವೂ ನಮ್ಮದಕ್ಕಿಂತ ಹೆಚ್ಚು. ಆದರೆ ಆ ರಾಜ್ಯದಲ್ಲಿ ಕನಿಷ್ಠ 15 ವರ್ಷದ ವಾಸ ಬೇಕೆಂಬ ಷರತ್ತು ಅದರಲ್ಲಿದೆ. ಮದುಮಗಳು ಹದಿನೈದು ವರ್ಷದ ವಾಸವನ್ನು ಎಲ್ಲಿಂದ ತರಬೇಕು?

ತಮಾಷೆ ಎಂದರೆ ಆಕೆಯ ಊನ ಮಾತ್ರ ಗಡಿ ದಾಟುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗವೈಕಲ್ಯದ ಪ್ರಮಾಣಪತ್ರ ದೇಶದ ಎಲ್ಲೆಡೆ ನಡೆಯುತ್ತದೆ. ಯುಡಿಐಡಿ ಕಾರ್ಡೂ ಹಾಗೆಯೇ. ನೀವು ಅಂಗವಿಕಲರು ಎಂದು ಎರಡೂ ಸರಕಾರ ಒಪ್ಪುತ್ತವೆ, ದುಡ್ಡಿನ ಮಾತು ಬಂದಾಗ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿ ಇದೆಯಲ್ಲ ಎನ್ನಬಹುದು. ಅದು ಶೇ. 80ಕ್ಕೆ ಮೇಲ್ಪಟ್ಟ ಊನ ಇರುವ ಬಡವರಿಗೆ ಮಾತ್ರ. ಮೊತ್ತ 300 ರೂಪಾಯಿ. ಮಿರಜ್ ಆಸ್ಪತ್ರೆಗೆ ನಾಲ್ಕು ಸಲ ಹೋಗಿಬಂದರೆ ಮುಗಿಯಿತು.

ಹಾಗಾದರೆ ಗಡಿ ದಾಟುವ ಪಗಾರ ಯಾವುದೂ ಇಲ್ಲವೇ? ಇದೆ. ಸಂಬಳದಿಂದ ಕಟ್ಟಿದ ಹಣದ ಪಗಾರ. ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಹೆಂಗಸರಿಗೂ ಪಿಎಫ್ ಕಾನೂನು ಅನ್ವಯಿಸುತ್ತದೆ. ಇಪಿಎಸ್-95 ಪಿಂಚಣಿಯಲ್ಲಿ, ಕೆಲಸದಲ್ಲಿರುವಾಗ ಶಾಶ್ವತವಾಗಿ ಪೂರ್ಣ ಅಶಕ್ತರಾದವರಿಗೆ ಹತ್ತು ವರ್ಷದ ಸೇವೆ ಬೇಕಿಲ್ಲ, ಒಂದು ತಿಂಗಳ ವಂತಿಗೆ ಜಮೆಯಾಗಿದ್ದರೂ ಸಾಕು. ಎಷ್ಟೋ ಜನರಿಗೆ ಈ ಮಾತೇ ತಿಳಿದಿಲ್ಲ. ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ, 2014ರಿಂದ ಹಾಗೇ ಕುಳಿತಿದೆ ಎಂಬುದು ಬೇರೆ ಸಂಕಟ. ಆದರೆ 2025ರ ಜನವರಿಯಿಂದ ಈ ಪಿಂಚಣಿಯನ್ನು ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಿಂದಲೂ ಪಡೆಯಬಹುದು. ಮಗನ ಮನೆಗೆ ಸಾಂಗ್ಲಿಗೆ ಹೋದರೂ ಸರಿ, ಪುಣೆಗೆ ಹೋದರೂ ಸರಿ. ಇದಕ್ಕೆ ತಲಾಠಿ ಮನೆಗೆ ಬಂದು ನೋಡಬೇಕಿಲ್ಲ, ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಅದನ್ನೀಗ ಮೊಬೈಲಿಗೆ ಮುಖ ತೋರಿಸಿಯೂ ಮುಗಿಸಬಹುದು.

ಇನ್ನು ನಮ್ಮ ಮನೆ ಮನೆಯ ವಿಷಯಕ್ಕೆ ಬರೋಣ. ಗಲ್ಫ್.

ಕುಡಚಿಯ ಹುಡುಗನಾಗಲಿ ಉಳ್ಳಾಲದ ಹುಡುಗನಾಗಲಿ, ಸೌದಿಯ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡರೆ ಏನು ಸಿಗುತ್ತದೆ? ಅಲ್ಲಿ 'ಗೋಸಿ' ಎಂಬ ಸಾಮಾಜಿಕ ವಿಮಾ ಸಂಸ್ಥೆ ಇದೆ. ವಿದೇಶಿ ಕೆಲಸಗಾರನ ಹೆಸರಿನಲ್ಲಿ ಮಾಲೀಕ ಸಂಬಳದ ಶೇ. 2ರಷ್ಟು ಕಟ್ಟಬೇಕು. ಕೆಲಸದಲ್ಲಿ ಆದ ಅಪಘಾತಕ್ಕೆ ಮಾತ್ರ ಇದು. ರೂಮಿನಲ್ಲಿ ಪಾರ್ಶ್ವವಾಯು ಹೊಡೆದರೆ, ಕಿಡ್ನಿ ಹೋದರೆ ಇಲ್ಲ. ಪೂರ್ತಿ ಅಶಕ್ತನಾದ ಸೌದಿ ಪ್ರಜೆಗೆ ತಿಂಗಳು ತಿಂಗಳು ಪಿಂಚಣಿ. ನಮ್ಮವನಿಗೆ 84 ತಿಂಗಳ ಮೊತ್ತವನ್ನು ಒಟ್ಟಿಗೆ ಕೊಟ್ಟು ಲೆಕ್ಕ ಚುಕ್ತಾ, ಅದಕ್ಕೂ 3,30,000 ರಿಯಾಲಿನ ಮಿತಿ. 28 ವರ್ಷದವನಿಗೆ ಏಳು ವರ್ಷದ ಅನ್ನ. ಯುಎಇಯಲ್ಲೂ ಒಂದೇ ಗಂಟು: 24 ತಿಂಗಳ ಮೂಲ ಸಂಬಳ, 18,000 ದಿರ್ಹಮಿಗಿಂತ ಕಡಿಮೆ ಇಲ್ಲ, 2 ಲಕ್ಷಕ್ಕಿಂತ ಹೆಚ್ಚಿಲ್ಲ.

ಆ ಗಂಟು ಊರಿಗೆ ಬಂದಾಗ ಏನಾಗುತ್ತದೆಂದು ನಮಗೆಲ್ಲ ಗೊತ್ತು. ತಂಗಿಯ ಮದುವೆ, ಮನೆಯ ಸ್ಲ್ಯಾಬ್, ವೀಸಾಕ್ಕೆ ಮಾಡಿದ ಸಾಲ. ಎರಡೇ ವರ್ಷದಲ್ಲಿ ಗಂಟು ಖಾಲಿ, ಗಾಲಿಕುರ್ಚಿ ಮಾತ್ರ ಉಳಿಯುತ್ತದೆ. ಅವನನ್ನು ದೂರಿ ಪ್ರಯೋಜನ ಇಲ್ಲ. ತಿಂಗಳಿಗೆ ಬರಬೇಕಾದ್ದನ್ನು ಒಂದೇ ದಿನ ಸುರಿದರೆ ಯಾರ ಮನೆಯಲ್ಲಾದರೂ ಹೀಗೇ.

ಅದೇ ಹುಡುಗ ನೆದರ್ಲ್ಯಾಂಡ್ಸ್‌ನಲ್ಲಿ ದುಡಿದು ಅಶಕ್ತನಾಗಿದ್ದರೆ ಕಥೆ ಬೇರೆ. ಆ ದೇಶ 2000ನೇ ಇಸವಿಯಲ್ಲಿ ಒಂದು ಕಾನೂನು ತಂದಿತು. ದೀರ್ಘಕಾಲದ ಅಶಕ್ತತೆಯ ಭತ್ಯೆ ಹೊರದೇಶಕ್ಕೆ ಹೋಗಬೇಕಾದರೆ ಆ ದೇಶದ ಜೊತೆ ಒಪ್ಪಂದ ಇರಬೇಕು ಎಂದು. ಭಾರತದ ಜೊತೆಗಿನ ಒಪ್ಪಂದ 2011ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಹಾಗಾಗಿ ಅಲ್ಲಿ ಹಕ್ಕಾದ ಭತ್ಯೆ ಊರಿನ ಖಾತೆಗೆ ಬರಬಹುದು. ಜರ್ಮನಿ, ಫ್ರಾನ್ಸ್, ಜಪಾನ್, ಆಸ್ಟ್ರೇಲಿಯಾ ಹೀಗೆ ಹಲವು ದೇಶಗಳ ಜೊತೆ ಭಾರತ ಸಾಮಾಜಿಕ ಭದ್ರತೆಯ ಒಪ್ಪಂದ ಮಾಡಿಕೊಂಡಿದೆ. ಆ ಪಟ್ಟಿಯಲ್ಲಿ ಗಲ್ಫಿನ ಒಂದು ದೇಶವೂ ಇಲ್ಲ. ಲಕ್ಷಾಂತರ ಜನ ಬೆವರು ಸುರಿಸುವುದು ಅಲ್ಲಿ, ಒಪ್ಪಂದಗಳೆಲ್ಲ ಬೇರೆ ಕಡೆ.

ಒಪ್ಪಂದ ಆಗುವ ತನಕ ಕೈಯಲ್ಲಿರುವುದನ್ನಾದರೂ ಬಿಡಬಾರದು. ಹತ್ತನೇ ಪಾಸಾಗದೆ ಎಮಿಗ್ರೇಶನ್ ಕ್ಲಿಯರೆನ್ಸ್ ಮೇಲೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಶಕ್ತರಾದರೆ 10 ಲಕ್ಷ. ಪಾಲಿಸಿಯ ಕಾಗದ ಏಜೆಂಟನ ಕವರಿನಲ್ಲೇ ಉಳಿದು, ಮನೆಯವರಿಗೆ ಅದರ ನಂಬರೂ ಗೊತ್ತಿರುವುದಿಲ್ಲ. ಅದರ ಒಂದು ಫೋಟೋ ಹೆಂಡತಿಯ ಮೊಬೈಲಿನಲ್ಲಿ ಇರಲಿ. ಸೌದಿಯಲ್ಲಿರುವವರು ತಮ್ಮ ಹೆಸರು ಗೋಸಿಯಲ್ಲಿ ಇದೆಯೇ, ಸಂಬಳ ಎಷ್ಟು ಎಂದು ಬರೆದಿದ್ದಾರೆ ಎಂದು ಈಗಲೇ ನೋಡಿಕೊಳ್ಳಲಿ. ಬಿದ್ದವರು ಆಸ್ಪತ್ರೆಯ, ವೈದ್ಯಕೀಯ ಮಂಡಳಿಯ ಕಾಗದ ಕೈಗೆ ಬರುವ ಮೊದಲು ಫೈನಲ್ ಎಕ್ಸಿಟ್‌ಗೆ ಸಹಿ ಹಾಕದಿರಲಿ. ಊರಿಗೆ ಬಂದ ಮೇಲೆ ಆ ಕಾಗದವನ್ನು ಅಲ್ಲಿಂದ ತರಿಸುವುದು ಎಷ್ಟು ಕಷ್ಟ ಎಂದು ತರಿಸಲು ಹೋದವರನ್ನು ಕೇಳಿ.