ಹೊಸ ಯಂತ್ರ, ಹಳೆಯ ಅಕ್ಷರ

ಬಾಡಿಗೆಯ ಮನೆ ಬದಲಾಯಿಸಿದ ಅನುಭವವುಳ್ಳವರಿಗೆಲ್ಲ ಒಂದು ಸಂಗತಿ ಗೊತ್ತು. ಮಂಚ, ಬೀರು, ಪಾತ್ರೆಪಡಗಗಳು ಲಾರಿಯೇರಿ ಸುರಕ್ಷಿತವಾಗಿ ಬಂದು ಸೇರುತ್ತವೆ. ಕಳೆದುಹೋಗುವುದು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಣ್ಣ ಗಂಟು. ಹಳೆಯ ಲ್ಯಾಪ್‌ಟಾಪನ್ನು ಬಿಟ್ಟು ಹೊಸದನ್ನು ಕೊಳ್ಳುವವರು, ಅದರಲ್ಲಿಯೂ ಒಂದು ವ್ಯವಸ್ಥೆಯನ್ನು ತೊರೆದು ಇನ್ನೊಂದನ್ನು ಹಿಡಿಯುವವರು, ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಆ ಗಂಟು ಯಾವುದಾಗಿತ್ತೆಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ನಮ್ಮ ಲ್ಯಾಪ್‌ಟಾಪ್ 2015ರದು. ಆ ವರ್ಷವೇ ಬಂದ ವಿಂಡೋಸ್ 10 ಅದರಲ್ಲಿತ್ತು. ಆ ಆವೃತ್ತಿಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಅದರ ತಯಾರಕರು 2025ರ ಅಕ್ಟೋಬರ್ 14ರಂದು ನಿಲ್ಲಿಸಿದರು. ನಿಲ್ಲಿಸಿದ ಮಾತ್ರಕ್ಕೆ ಯಂತ್ರವೇನೂ ನಿಂತುಹೋಗುವುದಿಲ್ಲ. ಆದರೆ ಬೀಗದಲ್ಲಿ ಹೊಸದಾಗಿ ದೋಷ ಕಂಡುಬಂದರೆ ಸರಿಪಡಿಸಲು ಬೀಗದವನು ಬರುವುದಿಲ್ಲ, ಅಷ್ಟೆ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಅದು ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆಯನ್ನೂ ಹೆಚ್ಚು ಹೊಸದಾದ ಸಂಸ್ಕಾರಕವನ್ನೂ ಬೇಡುತ್ತದೆ. ನಮ್ಮ ಯಂತ್ರದಲ್ಲಿ ಎರಡೂ ಇರಲಿಲ್ಲ. ಮೇಲಾಗಿ ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು, ಕೀಲುಗಳೂ ಸಡಿಲವಾಗಿದ್ದವು. ಹೊಸದನ್ನು ಕೊಳ್ಳಲೇಬೇಕಾಯಿತು.

ಕೊಳ್ಳುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳುಂಟು. ಮೊದಲನೆಯದು, ವಿಂಡೋಸಿನಲ್ಲಿಯೇ ಮುಂದುವರಿಯುವುದು. ಎರಡನೆಯದು, ಆ್ಯಪಲ್ ಸಂಸ್ಥೆಯ ಮ್ಯಾಕ್. ಮೂರನೆಯದು, 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್. ಇದರ ಒಳಗುಟ್ಟನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 2004ರಿಂದ ಬರುತ್ತಿರುವ ಉಬುಂಟು ಇದರ ಒಂದು ಪ್ರಸಿದ್ಧ ರೂಪ; ಬೆಲೆಯಿಲ್ಲ. ಅದನ್ನು ಪೆನ್ ಡ್ರೈವಿನಲ್ಲಿ ತುಂಬಿ, ಯಂತ್ರದಲ್ಲಿ ಸ್ಥಾಪಿಸದೆಯೇ ನಡೆಸಿ ನೋಡಬಹುದು. ರುಚಿ ನೋಡಿ ಆಮೇಲೆ ಕೊಳ್ಳುವ ಅನುಕೂಲ ಇಂದಿನ ವ್ಯಾಪಾರದಲ್ಲಿ ಎಷ್ಟು ಕಡೆ ಇದೆ?

ಇಂಜಿನಿಯರಿಂಗ್ ಓದುತ್ತಿರುವ ಮಗ ಲಿನಕ್ಸಿನ ಪಕ್ಷ. ಸಹಕಾರ ಸಂಘವೊಂದರ ಲೆಕ್ಕ ಬರೆಯುವ ನನ್ನ ಹೆಂಡತಿ ಎಚ್ಚರಿಕೆಯ ಪಕ್ಷ. “ನನ್ನ ಲೆಕ್ಕದ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದಲ್ಲ, ಅದಕ್ಕೇನು ಮಾಡುತ್ತೀರಿ?” ಎಂದು ಅವಳು ಕೇಳಿದ ಪ್ರಶ್ನೆಯೇ ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ. ಸಂಘದ ಕೆಲಸ ಸಂಘದ ಯಂತ್ರದಲ್ಲಿಯೇ ನಡೆಯಲೆಂದು ತೀರ್ಮಾನವಾಯಿತು. ಮನೆಯ ಪತ್ರವ್ಯವಹಾರ, ಫೋಟೋ, ಬ್ಯಾಂಕಿನ ವ್ಯವಹಾರಗಳಿಗೆ ಲಿನಕ್ಸ್ ಸಾಕೆಂದು ನಾನೂ ಒಪ್ಪಿದೆ. ಎಲ್ಲ ಕಡತಗಳನ್ನೂ ನಕಲು ಮಾಡಿ ಹೊಸ ಯಂತ್ರಕ್ಕೆ ಸಾಗಿಸಿದ್ದಾಯಿತು. ಫೋಟೋಗಳು ಬಂದವು, ಹಾಡುಗಳು ಬಂದವು. ಹಳೆಯ ಯಂತ್ರವನ್ನು ಅಳಿಸಿ ಗುಜರಿಗೆ ಕೊಡುವ ದಿನವನ್ನೂ ಗೊತ್ತುಮಾಡಿದ್ದೆವು.

ಪಿ, ಎ, ಪೌಂಡು

ಅದರ ಹಿಂದಿನ ರಾತ್ರಿ, ಏಕೋ, ತಂದೆಯವರ ಕಡತವನ್ನು ತೆರೆದು ನೋಡಿದೆ. ನಿವೃತ್ತ ಉಪಾಧ್ಯಾಯರಾಗಿದ್ದ ಅವರು ತಮ್ಮ ಬಾಲ್ಯದ ನೆನಪುಗಳನ್ನು ಹಲವು ವರ್ಷ ಬೆರಳಚ್ಚು ಮಾಡಿ ಇಟ್ಟಿದ್ದರು. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ತೆರೆಯ ಮೇಲೆ ಒಂದೇ ಒಂದು ಕನ್ನಡದ ಅಕ್ಷರವೂ ಇರಲಿಲ್ಲ. “ಕನ್ನಡ” ಎಂಬ ಪದವಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಅದರ ಪಕ್ಕದಲ್ಲಿ ಪೌಂಡು ಹಣದ ಗುರುತು! ಪುಟಪುಟವೂ ಹೀಗೆಯೇ.

ಕಾರಣವನ್ನು ಮಗ ವಿವರಿಸಿದ. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಜಗತ್ತಿನ ಭಾಷೆಗಳಿಗೆಲ್ಲ ಬೇರೆಬೇರೆ ಸಂಖ್ಯೆಗಳನ್ನು ಹಂಚುವ ಯೂನಿಕೋಡ್ ಎಂಬ ಕ್ರಮದ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಸಾಲು ಉಂಟು. ಆದರೆ ಮನೆಯ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸಲು ಕಲಿಯುವುದಕ್ಕೆ ಬಹಳ ವರ್ಷಗಳು ಹಿಡಿದವು. ಅಲ್ಲಿಯವರೆಗೆ ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲ. ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮುಂತಾದ ತಂತ್ರಾಂಶಗಳು ಇಂಗ್ಲಿಷಿನ ಅಕ್ಷರಗಳ ಸಂಖ್ಯೆಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸಿದವು. ಸಾವಿರಾರು ಲಗ್ನಪತ್ರಿಕೆ, ಕಚೇರಿಪತ್ರ, ಪುಸ್ತಕಗಳು ಹೀಗೆಯೇ ಸಿದ್ಧವಾದವು. ನುಡಿಯ ಫಾಂಟು ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಪಿ, ಎ, ಪೌಂಡು.

ಆ ಫಾಂಟನ್ನು ತಂದು ಹೊಸ ಯಂತ್ರದಲ್ಲಿ ಸ್ಥಾಪಿಸಿದೊಡನೆ ತಂದೆಯವರ ಮಾತುಗಳು ಮರಳಿ ಕಂಡವು. ಆದರೂ ಅದು ಅರ್ಧ ಪರಿಹಾರ ಮಾತ್ರ. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಬಂಧುಗಳಿಗೆ ಕಳುಹಿಸಿದರೆ ಅವರ ಫೋನಿನಲ್ಲಿ ಮತ್ತೆ ಅದೇ ಗೋಜಲು. ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವುದೇ ನಿಜವಾದ ದಾರಿ. ಅದಕ್ಕೆ ಉಚಿತ ಪರಿವರ್ತಕಗಳು ದೊರೆಯುತ್ತವೆ. ಆದರೆ ಕುರುಡಾಗಿ ನಂಬಬಾರದು. ಅರ್ಕಾವತ್ತನ್ನೇ ನೋಡಿ: “ಧರ್ಮ” ಎಂದು ಬರೆಯುವಾಗ ಅದು ಮಕಾರದ ನಂತರ ಬರುತ್ತದೆ, ಉಚ್ಚಾರದಲ್ಲಿ ರೇಫವೇ ಮೊದಲು. ಹಳೆಯ ಫಾಂಟು ಕಣ್ಣಿಗೆ ಕಂಡ ಕ್ರಮವನ್ನು ಹಿಡಿದರೆ, ಯೂನಿಕೋಡು ಕಿವಿಗೆ ಕೇಳಿದ ಕ್ರಮವನ್ನು ಹಿಡಿಯುತ್ತದೆ. ಈ ಅದಲುಬದಲಿನಲ್ಲಿ ತಪ್ಪುಗಳು ನುಸುಳುತ್ತವೆ.

ಆದ್ದರಿಂದ ಹಳೆಯ ಯಂತ್ರದ ವಿದಾಯ ಮುಂದಕ್ಕೆ ಹೋಯಿತು. ಎರಡು ಯಂತ್ರಗಳನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ಮಗ ಹಳೆಯದರಿಂದ ಗಟ್ಟಿಯಾಗಿ ಓದುವುದು, ನಾನು ಹೊಸದರಲ್ಲಿ ತಿದ್ದುವುದು. ನುಡಿಯಲ್ಲಿ ನಾನು ಕಲಿತಿದ್ದ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿಯೂ ಇದ್ದುದರಿಂದ ಬೆರಳುಗಳು ತಡವರಿಸಲಿಲ್ಲ. ಹನ್ನೊಂದು ಸಂಜೆಗಳು ಹಿಡಿದವು. ಅಜ್ಜ ಬರೆದುದನ್ನು ಅದುವರೆಗೆ ಒಂದು ಸಾಲೂ ಓದದಿದ್ದ ಹುಡುಗ, ಅವರು ಪರೀಕ್ಷೆ ಬರೆಯಲು ನಸುಕಿನಲ್ಲಿ ಲಾಟೀನು ಹಿಡಿದು ಒಂಬತ್ತು ಮೈಲಿ ನಡೆದ ಪ್ರಸಂಗ ಬಂದಾಗ ಓದುವುದನ್ನು ನಿಲ್ಲಿಸಿ, “ಇದು ನಿಜವೇ ಅಪ್ಪಾ?” ಎಂದು ಕೇಳಿದ.

ಮೊದಲೇ ಮಾಡಬೇಕಾದುದು

ನಮ್ಮಂತೆ ಕಡೆಯ ರಾತ್ರಿ ಎಚ್ಚರಗೊಳ್ಳುವವರಿಗಾಗಿ ಕೆಲವು ಮಾತು. ಯಂತ್ರ ಕೊಳ್ಳುವ ಮೊದಲು, ಒಂದು ತಿಂಗಳಲ್ಲಿ ಮನೆಯವರೆಲ್ಲ ಅದರಲ್ಲಿ ಮಾಡುವ ಕೆಲಸಗಳನ್ನು ಕಾಗದದ ಮೇಲೆ ಪಟ್ಟಿಮಾಡಿ, ಒಂದೊಂದೂ ಹೊಸ ವ್ಯವಸ್ಥೆಯಲ್ಲಿ ನಡೆಯುವುದೇ ಎಂದು ವಿಚಾರಿಸಿ. ಮುದ್ರಣಯಂತ್ರವನ್ನು ಮರೆಯಬೇಡಿ. ಮ್ಯಾಕಿಗೆ ಹೋಗುವವರು ನೆನಪಿಡಬೇಕಾದುದೆಂದರೆ, ವಿಂಡೋಸಿಗಾಗಿ ಎನ್‌ಟಿಎಫ್‌ಎಸ್ ಕ್ರಮದಲ್ಲಿ ಸಿದ್ಧಪಡಿಸಿದ ಹೊರಗಿನ ಡಿಸ್ಕನ್ನು ಅದು ಓದುತ್ತದೆ, ಆದರೆ ತಾನಾಗಿ ಅದರಲ್ಲಿ ಬರೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಡತ ಬಂದರೆ ಸಾಲದು, ಅದನ್ನು ತೆರೆದು ಓದಬೇಕು. ಓದಿ ಮುಗಿಸುವವರೆಗೆ ಹಳೆಯ ಯಂತ್ರವನ್ನು ಮನೆಯಿಂದ ಕಳುಹಿಸಬೇಡಿ.

ತಿದ್ದಿದ ಪ್ರತಿಯನ್ನು ದಪ್ಪಕ್ಷರದಲ್ಲಿ ಮುದ್ರಿಸಿ ತಾಯಿಯವರ ಕೈಗಿತ್ತೆವು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಹಾಳೆಗಳನ್ನು ತಿರುವಿದರು. “ಎಲ್ಲ ಬಂದಿದೆಯೇನಪ್ಪಾ?” ಎಂದರು.

“ಎಲ್ಲ ಬಂದಿದೆಯಮ್ಮಾ.”

ಗುಜರಿಯವನನ್ನು ಕರೆದದ್ದು ಅದರ ಮರುದಿನ.